ಬೆವತ ಕೈ, ಒದ್ದೆ ಮಿಟನ್: ಒಟ್ಟಾವದ ಒಂದು ಹೋಮ್ ಡೇಕೇರ್‌ನ ಚಳಿಗಾಲ

ಕಳೆದ ಜನವರಿಯ ಒಂದು ಮಂಗಳವಾರ. ಬೆಳಿಗ್ಗೆ ಹತ್ತೂ ಇಪ್ಪತ್ತು. ನಮ್ಮ ಮನೆಯ ಹಿತ್ತಲಲ್ಲಿ ಐದು ಮಕ್ಕಳು ಹಿಮ ಅಗೆಯುತ್ತಿದ್ದರು. ಹೊರಗೆ ಬಂದು ಹನ್ನೆರಡು ನಿಮಿಷ ಆಗಿತ್ತಷ್ಟೆ. ಎರಡೂವರೆ ವರ್ಷದ ಒಬ್ಬ ಹುಡುಗ ಇದ್ದಕ್ಕಿದ್ದಂತೆ ಅಳುವುದಕ್ಕೆ ಶುರು ಮಾಡಿದ. ಜೋರಾಗಿ ಅಲ್ಲ, ಕೈ ಮುಂದೆ ಚಾಚಿಕೊಂಡು ಸಣ್ಣ ದನಿಯಲ್ಲಿ. ಐವರನ್ನೂ ಒಳಗೆ ಕರೆದುಕೊಂಡು ಬಂದು ಅವನ ಎಡಗೈಯ ಮಿಟನ್ (ಹೆಬ್ಬೆರಳಿಗೆ ಮಾತ್ರ ಬೇರೆ ಗೂಡಿರುವ ಕೈಗವಸು) ಬಿಚ್ಚಿದೆ. ಒಳಗೆಲ್ಲ ಒದ್ದೆ. ಮೂರು ಬೆರಳ ತುದಿ ಬೂದಿ ಬಳಿದ ಹಾಗೆ ಬಿಳುಚಿಕೊಂಡಿತ್ತು. ಒತ್ತಿದರೆ ಅವನಿಗೆ ಗೊತ್ತೇ ಆಗುತ್ತಿರಲಿಲ್ಲ.

ಅವನನ್ನು ಇಲ್ಲಿ ಪುಟ್ಟ ಅಂತ ಕರೆಯುತ್ತೇನೆ. ಕನ್ನಡದವರ ಮನೆಯ ಮಗು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಆಗ ಹಾಸನದ ಕಡೆಯಿಂದ ಅಜ್ಜಿ ಸೂಪರ್ ವೀಸಾದಲ್ಲಿ (ಅಪ್ಪ ಅಮ್ಮ, ಅಜ್ಜ ಅಜ್ಜಿಯರು ಬಂದು ಹೆಚ್ಚು ಕಾಲ ಇರಲು ಕೆನಡಾ ಕೊಡುವ ವೀಸಾ) ಬಂದು ಜೊತೆಗಿದ್ದರು.

ಬೆರಳುಗಳನ್ನು ನನ್ನ ಅಂಗೈಯೊಳಗೆ ಮುಚ್ಚಿ ಹಿಡಿದುಕೊಂಡೆ. ಆಮೇಲೆ ಮೈ ಬಿಸಿಯಷ್ಟೇ ಇರುವ ನೀರಿನ ಬಟ್ಟಲಲ್ಲಿ ಇಟ್ಟೆ. ಉಜ್ಜಲಿಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ತಣ್ಣಗಾದ ಕೈ ಕಂಡ ಕೂಡಲೇ ಗಸಗಸ ಉಜ್ಜುವುದು ನಮಗೆ ಅಭ್ಯಾಸ. ಹಾಗೆ ಹೆಪ್ಪುಗಟ್ಟುವ ಹಂತಕ್ಕೆ ಬಂದ ಚರ್ಮವನ್ನು ಉಜ್ಜಿದರೆ ಗಾಯವಾಗುತ್ತದೆ. ಬಿಸಿನೀರಿನ ಚೀಲ, ಹೀಟರ್ ಕೂಡ ಬೇಡ. ಮರಗಟ್ಟಿದ ಬೆರಳಿಗೆ ಸುಡುವುದು ತಿಳಿಯುವುದಿಲ್ಲ. ಎಂಟು ಹತ್ತು ನಿಮಿಷದಲ್ಲಿ ಬಣ್ಣ ಬಂತು. ಆಗ ನಿಜವಾಗಿ ಅತ್ತ, ಯಾಕೆಂದರೆ ಜೀವ ಬಂದ ಬೆರಳು ಜುಮ್ಮೆಂದು ನೋಯುತ್ತದೆ. ಗುಳ್ಳೆ ಎದ್ದಿದ್ದರೆ, ಅಥವಾ ಬೆರಳು ಗಟ್ಟಿಯಾಗಿ ಮೇಣದ ಹಾಗೆ ಉಳಿದಿದ್ದರೆ ಸೀದಾ ಆಸ್ಪತ್ರೆಗೆ ಹೋಗಬೇಕಿತ್ತು. ಹಾಗಾಗಲಿಲ್ಲ. ಅವನ ಅಮ್ಮನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ನನ್ನ ಡೇಕೇರ್‌ನ ಮೇಲ್ವಿಚಾರಣೆ ನೋಡುವ ಏಜೆನ್ಸಿಗೂ ತಿಳಿಸಿದೆ.

ಅವತ್ತು ಉಷ್ಣಾಂಶ ಮೈನಸ್ 11. ಗಾಳಿ ಗಂಟೆಗೆ 20 ಕಿಲೋಮೀಟರ್. ಎರಡೂ ಸೇರಿ ವಿಂಡ್ ಚಿಲ್, ಅಂದರೆ ಮೈಗೆ ಅನ್ನಿಸುವ ಚಳಿ, ಮೈನಸ್ 19. ನಮ್ಮ ಮೈ ಸುತ್ತ ಚರ್ಮಕ್ಕೆ ಅಂಟಿಕೊಂಡಂತೆ ಬೆಚ್ಚನೆಯ ಗಾಳಿಯ ಒಂದು ತೆಳು ಪದರ ಇರುತ್ತದೆ. ಬೀಸುವ ಗಾಳಿ ಅದನ್ನು ಕಿತ್ತುಕೊಂಡು ಹೋಗುತ್ತದೆ. ಮೈಗೆ ಹೆಚ್ಚು ಚಳಿ ಆಗುವುದು ಅದಕ್ಕೆ. ಕೆನಡಾದ ಮಕ್ಕಳ ವೈದ್ಯರ ಸಂಘ ಹೇಳುವ ಗಡಿ ಮೈನಸ್ 27: ಉಷ್ಣಾಂಶವಾಗಲಿ ವಿಂಡ್ ಚಿಲ್ ಆಗಲಿ ಅಷ್ಟಕ್ಕೆ ಅಥವಾ ಅದಕ್ಕಿಂತ ಕೆಳಗಿಳಿದರೆ ಮಕ್ಕಳನ್ನು ಹೊರಗೆ ಬಿಡಬೇಡಿ. ಅಲ್ಲಿಂದ ಕೆಳಗೆ ಬಟ್ಟೆ ಮುಚ್ಚದ ಚರ್ಮ ಹೆಪ್ಪುಗಟ್ಟತೊಡಗುತ್ತದೆ. ನಾವು ಇದ್ದದ್ದು ಅದಕ್ಕಿಂತ ಬಹಳ ಮೇಲೆ. ಅದೂ ಮಿಟನ್ ಹಾಕಿದ ಕೈ, ಹನ್ನೆರಡೇ ನಿಮಿಷ. ಆ ಬೆರಳು ಬಿಳುಚಿಕೊಳ್ಳಬಾರದಿತ್ತು. ಅದೇ ನನ್ನನ್ನು ಕೊರೆಯಿತು.

ಚೀಟಿ ಒಬ್ಬನದು, ಬೀಗ ಐವರಿಗೂ

ನಾನು ಒಟ್ಟಾವದ ಬಾರ್‌ಹೇವನ್‌ನಲ್ಲಿ ಮನೆಯಲ್ಲೇ ಡೇಕೇರ್ ನಡೆಸುತ್ತೇನೆ. ಅದು ನನಗೆ ಆರನೇ ಚಳಿಗಾಲ. ನಮ್ಮ ಒಂಟಾರಿಯೊ ಪ್ರಾಂತ್ಯದಲ್ಲಿ ಲೈಸೆನ್ಸ್ ಇರುವ ಏಜೆನ್ಸಿಯ ಕೆಳಗೆ ಕೆಲಸ ಮಾಡುವವರು ಆರು ಮಕ್ಕಳವರೆಗೆ ನೋಡಿಕೊಳ್ಳಬಹುದು. ಅವರಲ್ಲಿ ಎರಡು ವರ್ಷ ತುಂಬದವರು ಮೂವರಿಗಿಂತ ಜಾಸ್ತಿ ಇರುವಂತಿಲ್ಲ. ನನ್ನ ಹತ್ತಿರ ಇದ್ದವರು ಐವರು. ಹದಿನಾಲ್ಕು ತಿಂಗಳ ಕೂಸು, ಇಪ್ಪತ್ತೆರಡು ತಿಂಗಳ ಹುಡುಗಿ, ಪುಟ್ಟ, ಮತ್ತೆ ಮೂರೂವರೆ ವರ್ಷದ ಇಬ್ಬರು. ದಿನವಿಡೀ ಇರುವ ಮಕ್ಕಳಿಗೆ ಹವಾಮಾನ ಬಿಟ್ಟರೆ ಎರಡು ಗಂಟೆ ಹೊರಗಿನ ಆಟ ಇರಬೇಕು ಅನ್ನುವುದು ಇಲ್ಲಿನ ನಿಯಮ. ಅಪ್ಪ ಅಮ್ಮನೋ ಡಾಕ್ಟರೋ ಬೇಡ ಅಂತ ಬರೆದುಕೊಟ್ಟರೆ ಆ ಮಗುವಿಗೆ ವಿನಾಯಿತಿ.

ಪುಟ್ಟನ ಅಮ್ಮ ಮಾರನೇ ದಿನ ಬರೆದುಕೊಟ್ಟರು. ಚಳಿ ಮುಗಿಯುವ ತನಕ ಮಗುವನ್ನು ಹೊರಗೆ ಕರೆದೊಯ್ಯುವುದು ಬೇಡ. ಕೊಡುವಾಗ ಅವರ ಮುಖದಲ್ಲಿ ಕೋಪ ಇರಲಿಲ್ಲ, ಸಂಕಟ ಇತ್ತು. "ಮನೇಲಿ ಅತ್ತೆ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಆಂಟಿ. 'ಇಷ್ಟು ಸಣ್ಣ ಮಗೂನ ಐಸಲ್ಲಿ ನಿಲ್ಲಿಸ್ತಾರಲ್ಲ, ಥಂಡಿ ಎದೆಗೆ ಇಳಿದ್ರೆ ಏನ್ಮಾಡ್ತೀರ' ಅಂತಾರೆ. ನಾನೇನು ಹೇಳ್ಲಿ?"

ನಾನೂ ಏನೂ ಹೇಳಲಿಲ್ಲ. ಆ ಬೆರಳನ್ನು ಕಣ್ಣಾರೆ ನೋಡಿದವಳು ನಾನು.

ದೊಡ್ಡ ಡೇಕೇರ್ ಆಗಿದ್ದರೆ ಒಬ್ಬ ಟೀಚರ್ ಒಳಗೆ, ಒಬ್ಬರು ಹೊರಗೆ ಇರುತ್ತಿದ್ದರು. ಹೋಮ್ ಡೇಕೇರ್‌ನಲ್ಲಿ ದೊಡ್ಡವರು ಅಂತ ಇರುವುದು ಒಬ್ಬರೇ. ಒಂದು ಮಗು ಒಳಗೆ ಅಂದರೆ ಐದೂ ಒಳಗೆ. ಒಂಬತ್ತು ದಿನ ನಾವು ಹೊರಗೆ ಕಾಲಿಡಲಿಲ್ಲ.

ಆ ಒಂಬತ್ತು ದಿನದ ದಿನಚರಿ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಮುಕ್ಕಾಲು ಗಂಟೆ ಹೊರಗೆ ಆಡಿ ಬಂದರೆ ಮಧ್ಯಾಹ್ನ ಒಂದು ಗಂಟೆಗೆಲ್ಲ ಮಲಗಿಬಿಡುತ್ತಿದ್ದ ಮಕ್ಕಳು ಒಂದೂವರೆಯಾದರೂ ಹೊರಳಾಡುತ್ತಿದ್ದರು. ಎರಡು ಸಲ ಕಚ್ಚಾಟ. ಮೂರೂವರೆಯ ಹುಡುಗ ಸೋಫಾದಿಂದ ಹಾರಿ ತುಟಿ ಒಡೆದುಕೊಂಡ. ಎರಡನೇ ವಾರ ಮೂವರಿಗೆ ಮೂಗು ಸೋರುತ್ತಿತ್ತು. ಒಂಬತ್ತು ದಿನದ ಕಥೆಯಿಂದ ಏನನ್ನೂ ಸಾಬೀತು ಮಾಡಲು ಆಗುವುದಿಲ್ಲ. ಆದರೆ ನೆಗಡಿ ತರುವುದು ವೈರಸ್. ಕಿಟಕಿ ಮುಚ್ಚಿದ ಒಂದೇ ಕೋಣೆಯಲ್ಲಿ ಐದು ಮಕ್ಕಳು ಒಂದೇ ಆಟಿಕೆಯನ್ನು ಬಾಯಿಗಿಟ್ಟುಕೊಂಡರೆ ಅದು ಸುಲಭವಾಗಿ ಹರಡುತ್ತದೆ.

ಇನ್ನೊಬ್ಬ ತಾಯಿ ಬಂದು ಕೇಳಿದರು, ಯಾಕೆ ಹೊರಗೆ ಹೋಗುತ್ತಿಲ್ಲ ಅಂತ. ಅವರು ಇಲ್ಲೇ ಹುಟ್ಟಿ ಬೆಳೆದವರು. ಮಗು ಚಳಿಯಲ್ಲಿ ಆಡಲೇಬೇಕು ಅನ್ನುವವರು. ಒಂದು ಮನೆಯ ವಿಷಯವನ್ನು ಇನ್ನೊಂದು ಮನೆಯವರಿಗೆ ಹೇಳುವ ಹಾಗಿಲ್ಲ. "ನನ್ನ ವ್ಯವಸ್ಥೆಯಲ್ಲಿ ಒಂದು ತಪ್ಪಿದೆ, ಸರಿ ಮಾಡ್ತಿದ್ದೇನೆ" ಅಂದೆ. ಆ ತಪ್ಪು ಯಾವುದು ಅಂತ ಆಗ ನನಗೇ ಗೊತ್ತಿರಲಿಲ್ಲ.

ಇಪ್ಪತ್ತನಾಲ್ಕು ನಿಮಿಷ

ಹತ್ತನೇ ದಿನ ಪುಟ್ಟ ಬರಲಿಲ್ಲ, ಅವನ ಅಮ್ಮನಿಗೆ ರಜೆ ಇತ್ತು. ಉಳಿದ ನಾಲ್ವರನ್ನು ಹೊರಡಿಸಿದೆ. ಅವತ್ತು ಫೋನಿನಲ್ಲಿ ಟೈಮರ್ ಹಾಕಿ ಕಪಾಟಿನ ಮೇಲಿಟ್ಟೆ.

ಮೊದಲ ಮಗುವಿಗೆ ಸ್ನೋಸೂಟ್ (ಹಿಮದಲ್ಲಿ ಹಾಕುವ ದಪ್ಪ ಉಡುಪು) ಹಾಕಲು ಶುರು ಮಾಡಿದಾಗಿನಿಂದ ಬಾಗಿಲು ತೆರೆಯುವ ತನಕ 24 ನಿಮಿಷ. ನಡುವೆ ಒಬ್ಬನಿಗೆ ಟಾಯ್ಲೆಟ್ ಬಂತು. ಎಲ್ಲ ಬಿಚ್ಚಿ ಮತ್ತೆ ಹಾಕಿದೆ. ಕೂಸು ಬೂಟ್ಸ್ ಒದ್ದು ಕಿತ್ತುಹಾಕಿತು. ಇಷ್ಟು ಹೊತ್ತೂ ಮೊದಲು ತಯಾರಾದ ಇಪ್ಪತ್ತೆರಡು ತಿಂಗಳ ಹುಡುಗಿ 21 ಡಿಗ್ರಿಯ ಬೆಚ್ಚನೆ ಕೋಣೆಯಲ್ಲಿ ಸ್ನೋಸೂಟ್, ಟೋಪಿ, ಮಿಟನ್ ಎಲ್ಲ ಹಾಕಿಕೊಂಡು ಗೋಡೆಗೊರಗಿ ಕೂತಿತ್ತು.

ಹೊರಗೆ ಹೋಗುವ ಮುಂಚೆ ಏನೋ ಅನ್ನಿಸಿ ಅವಳ ಕತ್ತಿನ ಹಿಂದೆ ಬೆರಳು ತೂರಿಸಿದೆ. ಬೆವರು. ಮಿಟನ್ ಒಳಗೆ ಬೆರಳು ಹಾಕಿದೆ. ಅಂಗೈ ತೇವ, ಒಳಗಿನ ಬಟ್ಟೆಯೂ ತೇವ. ಇನ್ನೂ ಒಂದು ಚೂರು ಹಿಮ ಮುಟ್ಟಿರಲಿಲ್ಲ ಆ ಮಗು.

ಆಗ ನೆನಪಾಯಿತು. ನಾನು ಯಾವಾಗಲೂ ಮೊದಲು ತಯಾರು ಮಾಡುತ್ತಿದ್ದದ್ದು ಪುಟ್ಟನನ್ನು. ಯಾಕೆಂದರೆ ಅವನು ಹಟ ಮಾಡುವುದಿಲ್ಲ. ಕೈ ಚಾಚು ಅಂದರೆ ಚಾಚುತ್ತಾನೆ, ಕೂತಿರು ಅಂದರೆ ಕೂತಿರುತ್ತಾನೆ. ಐವರಲ್ಲಿ ಹೆಚ್ಚು ಹೊತ್ತು ಬೆವರುತ್ತಿದ್ದವನು ಅವನೇ. ಸೆಕೆ ಅಂತ ಹೇಳಲೂ ಇಲ್ಲ. ಹೊರಗೆ ಕೈ ನೋಯುವಾಗಲೂ ಸಣ್ಣ ದನಿಯಲ್ಲೇ ಅತ್ತ. ಆರು ವರ್ಷದಲ್ಲಿ ಎಷ್ಟು ಮೆತ್ತಗಿನ ಮಕ್ಕಳನ್ನು ಹೀಗೆ ಮೊದಲು ಕೂರಿಸಿರಬಹುದು ಅಂತ ಯೋಚಿಸಿ ಅವತ್ತು ನನಗೆ ಊಟ ಸೇರಲಿಲ್ಲ.

ಉಳಿದದ್ದು ಒಂದೊಂದಾಗಿ ಬಿಚ್ಚಿಕೊಂಡಿತು. ಅವನ ಮಿಟನ್ ಹಿಂದಿನ ದಿನ ಆಡಿ ಬಂದದ್ದೇ. ಎಲ್ಲರದ್ದೂ ಒಂದು ಬುಟ್ಟಿಗೆ ತುಂಬಿಟ್ಟಿದ್ದೆ. ಮೇಲೆ ಒಣಗಿದ ಹಾಗೆ ಕಂಡರೂ ಹೆಬ್ಬೆರಳ ಸಂದಿಯಲ್ಲಿ ಹಸಿ ಉಳಿದಿತ್ತು. ಅದರ ಮೇಲೆ ಬೆವರು. ಬಟ್ಟೆ ಬೆಚ್ಚಗಿಡುವುದು ತನ್ನೊಳಗೆ ಹಿಡಿದ ಗಾಳಿಯಿಂದ. ಆ ಜಾಗಕ್ಕೆ ನೀರು ಬಂದರೆ ಮುಗಿಯಿತು. ನೀರು ಗಾಳಿಗಿಂತ ಸುಮಾರು 25 ಪಟ್ಟು ಜೋರಾಗಿ ಶಾಖವನ್ನು ಸಾಗಿಸಿಬಿಡುತ್ತದೆ. ಮಿಟನ್ ಗಿಡ್ಡದು, ಕೋಟಿನ ತೋಳಿನ ಹೊರಗೆ ಹಾಕಿದ್ದೆ. ಅಗೆಯುವಾಗ ಮಣಿಕಟ್ಟಿನ ಸಂದಿಯಿಂದ ಹಿಮ ಒಳಗೆ ಬಿದ್ದು ಕರಗಿತ್ತು. ಸ್ನೋಸೂಟ್ ಎರಡು ಸೈಜ್ ದೊಡ್ಡದು, ಮುಂದಿನ ವರ್ಷಕ್ಕೂ ಆಗಲಿ ಅಂತ ತಂದದ್ದು. ಬೂಟ್ಸ್ ಒಳಗೆ ಎರಡೆರಡು ಕಾಟನ್ ಕಾಲುಚೀಲ ತುರುಕಿ ಬಿಗಿಯಾಗಿತ್ತು. ಬಿಗಿ ಬೂಟಿನಲ್ಲಿ ರಕ್ತ ಸರಿಯಾಗಿ ಓಡಾಡುವುದಿಲ್ಲ, ಗಾಳಿಗೂ ಜಾಗ ಇಲ್ಲ. ಅವತ್ತು ಕಾಲು ಉಳಿದದ್ದು ಅದೃಷ್ಟ.

ಅಜ್ಜಿ

ಅವತ್ತು ಸಂಜೆಯೇ ಅವರ ಮನೆಗೆ ಹೋದೆ. ಒಂಟಾರಿಯೊದ ನಿಯಮ, ವೈದ್ಯರ ಮಾತು ಇವನ್ನೆಲ್ಲ ಮುಂದಿಟ್ಟು ಅಜ್ಜಿಯನ್ನು ಒಪ್ಪಿಸಬಹುದಿತ್ತೇನೋ. ನನಗೆ ಮನಸ್ಸಾಗಲಿಲ್ಲ. ನಡೆದದ್ದನ್ನು ಹಾಗೇ ಹೇಳಿದೆ. "ಅಮ್ಮಾ, ತಪ್ಪು ನನ್ನದು. ಮಗೂನ ಒಳಗೇ ಅಷ್ಟು ಹೊತ್ತು ಕೂರಿಸಿ ಬೆವರಿಸಿಬಿಟ್ಟೆ. ಆ ಬೆವರಲ್ಲೇ ಹೊರಗೆ ಕರ್ಕೊಂಡು ಹೋದೆ."

ಅಜ್ಜಿ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಬೆವತ ಮೈಲಿ ಗಾಳಿಗೆ ಹೋಗಬಾರದು ಅಂತ ನಿಮ್ಮಮ್ಮ ಹೇಳಿಕೊಡಲಿಲ್ವೇನಮ್ಮ?"

ಹೇಳಿಕೊಟ್ಟಿದ್ದರು. ಗದ್ದೆಯಿಂದ ಬಂದವರು, ಆಡಿ ಬಂದ ಮಕ್ಕಳು, ಎಲ್ಲರಿಗೂ ಅದೇ ಮಾತು. ಮೊದಲು ಬೆವರು ಒರೆಸು, ಆಮೇಲೆ ಜಗಲಿಗೆ ಹೋಗು. ಇಲ್ಲಿ ಓದಿದ ಪಾಠದಲ್ಲೂ ಅದೇ ಇತ್ತು, ಪದರ ಪದರ ಬಟ್ಟೆ, ಮೈ ಒಣಗಿರಬೇಕು ಅಂತ. ನಾನು ಎರಡನ್ನೂ ಕೇಳಿದ್ದೆ. ಬಾಗಿಲ ಹತ್ತಿರದ ಗಡಿಬಿಡಿಯಲ್ಲಿ ಎರಡನ್ನೂ ಮರೆತಿದ್ದೆ.

"ನಾಳೆ ಬಂದು ಒಂದು ಸಲ ನೋಡ್ತೀರಾ?" ಅಂತ ಕೇಳಿದೆ. ಬಂದರು. ಅವರ ಕೈಗೆ ಮಕ್ಕಳನ್ನು ಒಪ್ಪಿಸುವ ಹಾಗಿಲ್ಲ, ಅದಕ್ಕೆ ಪೊಲೀಸ್ ತಪಾಸಣೆಯ ಕಾಗದ ಬೇಕು. ಹಾಗಾಗಿ ಏಜೆನ್ಸಿಗೆ ತಿಳಿಸಿ, ಮನೆಗೆ ಬಂದ ಹಿರಿಯರ ಹಾಗೆ ಕುರ್ಚಿ ಹಾಕಿ ಕೂರಿಸಿದೆ. ಒಂದು ಬೆಳಿಗ್ಗೆ ಪೂರ್ತಿ ನೋಡಿದರು. ಕೊನೆಗೆ ಹೇಳಿದ್ದು ಎರಡೇ ಮಾತು. "ಈ ಜಾಗ ಯಾಕೆ ಇಷ್ಟು ಬಿಸಿ? ಮತ್ತೆ ಟೋಪಿ ಯಾಕೆ ಮೊದಲೇ?"

ಎರಡೂ ಸರಿ. ಬಾಗಿಲ ಪಕ್ಕದ ನೆಲದಲ್ಲಿ ಬಿಸಿಗಾಳಿಯ ಕಿಂಡಿ ಇತ್ತು. ಹೊರಡುವ ಅರ್ಧ ಗಂಟೆ ಮುಂಚೆ ಅದನ್ನು ಮುಚ್ಚುವುದಕ್ಕೆ ಶುರು ಮಾಡಿದೆ.

ಬದಲಾಯಿಸಿದ್ದು

ಮೊದಲು ಎಲ್ಲರಿಗೂ ಟಾಯ್ಲೆಟ್, ಡೈಪರ್. ಆಮೇಲೆ ಐವರಿಗೂ ಸ್ನೋಪ್ಯಾಂಟ್ ಮತ್ತು ಬೂಟ್ಸ್ ಮಾತ್ರ. ಸೊಂಟದಿಂದ ಮೇಲೆ ಬರೀ ಅಂಗಿ. ಹಾಗೆ ಹತ್ತು ನಿಮಿಷ ಕೂತರೂ ಮಕ್ಕಳು ಬೆವರುವುದಿಲ್ಲ. ಇಡೀ ಮೈಯ ಸ್ನೋಸೂಟ್ ಬೇಡ, ಎರಡು ತುಂಡಿನದು ಕೊಡಿ ಅಂತ ಎಲ್ಲ ಮನೆಗೂ ಕೇಳಿಕೊಂಡದ್ದು ಇದಕ್ಕೆ. ಮೂರೂವರೆಯವರಿಗೆ ಜಾಕೆಟ್ ತಾವೇ ಹಾಕಿಕೊಳ್ಳುವುದು ಕಲಿಸಿದೆ. ಜಾಕೆಟನ್ನು ನೆಲದ ಮೇಲೆ ಬಿಚ್ಚಿ ಹರಡಿ, ಕಾಲರ್ ಕಾಲ ಹತ್ತಿರ ಇರುವಂತೆ ನಿಂತು, ಬಗ್ಗಿ ಎರಡೂ ಕೈ ತೂರಿಸಿ, ತಲೆಯ ಮೇಲಿಂದ ಹಿಂದಕ್ಕೆ ಎಸೆಯುವುದು. ನಾಲ್ಕೇ ದಿನದಲ್ಲಿ ಬಂತು. ಅವರಿಗದು ಆಟ, ನನಗೆ ಐದು ನಿಮಿಷದ ಉಳಿತಾಯ.

ಮಿಟನ್ ಮೊಣಕೈವರೆಗೆ ಬರುವ, ನೀರು ಹಿಡಿಯದ ಬಗೆಯದು. ಅದನ್ನು ಮೊದಲು ಹಾಕಿ ಮೇಲೆ ಜಾಕೆಟ್ ತೋಳು ಎಳೆದರೆ ಹಿಮ ಒಳಗೆ ಬೀಳುವುದಿಲ್ಲ. ಮಫ್ಲರ್ ಬೇಡ, ಕತ್ತಿನ ಸುತ್ತ ಕೂರುವ, ತುದಿ ನೇತಾಡದ ನೆಕ್ ವಾರ್ಮರ್ ಮಾತ್ರ. ಜಾರುಬಂಡೆಗೆ ಸಿಕ್ಕಿಕೊಂಡರೆ ಮಫ್ಲರ್ ಉರುಳಾಗುತ್ತದೆ. ಜಾಕೆಟಿನ ದಾರವೂ ಹಾಗೇ, ಅದನ್ನು ಕಿತ್ತುಬಿಟ್ಟೆ. ಟೋಪಿ ಕೊನೆಯಲ್ಲಿ, ಬಾಗಿಲ ಹಿಡಿಕೆಗೆ ಕೈ ಹಾಕುವಾಗ. ಎಲ್ಲರಿಗಿಂತ ಕೊನೆಗೆ ಪುಟ್ಟ ಮತ್ತು ಕೂಸು. ಸುಮ್ಮನಿರುವ ಮಗು ಕೊನೆಗೆ ಅನ್ನುವುದು ಈಗ ನನ್ನ ಮನೆಯ ಕಾನೂನು.

ಒಬ್ಬೊಬ್ಬರಿಗೆ ಮೂರು ಜೊತೆ ಮಿಟನ್. ಬುಟ್ಟಿ ಹೋಯಿತು, ಬಟ್ಟೆ ಒಣಗಿಸುವ ಕಂಬಿ ಬಂತು. ಕ್ಲಿಪ್ ಹಾಕಿ ಬಾಯಿ ಕೆಳಗೆ ಮಾಡಿ ನೇತುಹಾಕುತ್ತೇನೆ. ಹೆಬ್ಬೆರಳು ಒಳಗಿನಿಂದ ಒಣಗಿದೆಯಾ ಅಂತ ಬೆರಳು ಹಾಕಿ ನೋಡದೆ ಯಾವ ಮಗುವಿಗೂ ಕೊಡುವುದಿಲ್ಲ. ಒಳಗಿನ ಕಾಟನ್ ಬನಿಯನ್ ಬದಲು ಉಣ್ಣೆಯದೋ ಬೇಗ ಒಣಗುವ ಬಟ್ಟೆಯದೋ. ಇಬ್ಬರ ಮನೆಯವರಿಗೆ ಇದು ಖರ್ಚಿನ ಮಾತಾಯಿತು. ಹಳೆ ಬಟ್ಟೆ ಅಂಗಡಿಯಲ್ಲಿ ನಾನೇ ಹುಡುಕಿ ತಂದೆ.

ಎರಡು ಗಂಟೆಯನ್ನು ಒಂದೇ ಸಲ ಮುಗಿಸುವ ಹಟ ಬಿಟ್ಟೆ. ವಿಂಡ್ ಚಿಲ್ ಮೈನಸ್ 10ರ ಆಸುಪಾಸಿದ್ದರೆ ಅರ್ಧರ್ಧ ಗಂಟೆಯ ಸುತ್ತು. ಮೈನಸ್ 15 ದಾಟಿದರೆ ಹದಿನೈದು ನಿಮಿಷ. ಮೈನಸ್ 20ಕ್ಕೆ ಆ ದಿನ ಹೊರಗಿನ ಆಟ ಇಲ್ಲ. ಇದು ವೈದ್ಯರ ಗಡಿ ಅಲ್ಲ, ಎರಡು ವರ್ಷ ತುಂಬದವರು ಇಬ್ಬರಿರುವ ನನ್ನ ಗುಂಪಿಗೆ ನಾನು ಹಾಕಿಕೊಂಡದ್ದು. ಅಷ್ಟು ಸಣ್ಣ ಮಕ್ಕಳ ಮೈ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ, ಶಾಖ ಬೇಗ ಹೋಗುತ್ತದೆ. ಕೂಸು ಬಂಡಿಯಲ್ಲಿ ಸುಮ್ಮನೆ ಕೂತಿರುತ್ತದೆ, ಓಡುವವರ ಹಾಗೆ ಬೆಚ್ಚಗಾಗುವುದಿಲ್ಲ. ಸುತ್ತು ಯಾವಾಗ ಮುಗಿಯಬೇಕು ಅನ್ನುವುದು ಆ ಕೂಸಿನ ಲೆಕ್ಕದಲ್ಲೇ.

ಹೊರಗಿದ್ದಾಗ ಹತ್ತು ನಿಮಿಷಕ್ಕೊಮ್ಮೆ ಐವರನ್ನೂ ಮುಟ್ಟಿ ನೋಡುತ್ತೇನೆ. ಕತ್ತಿನ ಹಿಂದೆ, ಮಿಟನ್ ಒಳಗೆ, ಮೂಗು, ಕೆನ್ನೆ, ಕಿವಿ. ನಮ್ಮ ಮಕ್ಕಳ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ಚಳಿ ಕಚ್ಚಿದರೆ ಮೊದಲು ಕೆಂಪಾಗಿ ಆಮೇಲೆ ಬೆಳ್ಳಗಾಗುತ್ತದೆ ಅಂತ ಕಲಿಸುತ್ತಾರೆ. ಕಂದು ಚರ್ಮದಲ್ಲಿ ಆ ಕೆಂಪು ಕಣ್ಣಿಗೆ ಬೀಳದೇ ಹೋಗಬಹುದು. ಬೂದಿ ಬಣ್ಣದ, ಸುತ್ತಲಿಗಿಂತ ಮಂಕಾದ ಮಚ್ಚೆ ನೋಡಬೇಕು. ಕಣ್ಣಿಗಿಂತ ಕೈಯನ್ನೇ ನಂಬಿ. ತಣ್ಣಗೆ, ಗಟ್ಟಿ ಅನ್ನಿಸಿದರೆ ಒಳಗೆ ನಡೆಯಿರಿ.

(ಮನೆಗೆ ಕರೆದೊಯ್ಯುವ ಅಪ್ಪ ಅಮ್ಮಂದಿರಿಗೂ ಒಂದು ಚೀಟಿ ಅಂಟಿಸಿದ್ದೇನೆ: ದಪ್ಪ ಜಾಕೆಟ್ ಮೇಲೆ ಕಾರ್ ಸೀಟಿನ ಬೆಲ್ಟ್ ಹಾಕಬೇಡಿ. ಬಿಗಿಯಾದ ಹಾಗೆ ಕಂಡರೂ ಅಪಘಾತದಲ್ಲಿ ಜಾಕೆಟ್ ಅಮುಕಿ ಬೆಲ್ಟ್ ಸಡಿಲವಾಗುತ್ತದೆ. ಬೆಲ್ಟ್ ಹಾಕಿ ಮೇಲೆ ಕಂಬಳಿ ಹೊದೆಸಿ.)

ಆಮೇಲೆ

ಒಂದು ವಾರ ಕಳೆದು ಪುಟ್ಟನ ಅಮ್ಮ ಚೀಟಿ ತಿದ್ದಿದರು. ಮೈನಸ್ 10ರ ತನಕ, ಹದಿನೈದು ನಿಮಿಷ. ಮೊದಲ ದಿನ ಅಜ್ಜಿಯೂ ಬಂದರು. ಕೋಟಿನ ಮೇಲೆ ಶಾಲು, ಒಳಗೆ ಸೀರೆ, ಮಗನ ಬೂಟ್ಸ್. ಮೊಮ್ಮಗನ ಬದಲು ಅವರನ್ನೇ ಹಿಡಿದುಕೊಂಡು ಮೆಟ್ಟಿಲು ಇಳಿಸಬೇಕಾಯಿತು. ನಾನು ಹಿಮ ತೋಡಲು ಪಾತ್ರೆ, ಸೌಟು ಕೊಟ್ಟಿದ್ದೆ. ಮಕ್ಕಳು ಅದರಲ್ಲಿ ಸಾರು ಮಾಡುತ್ತಿದ್ದರು. ಅಜ್ಜಿ ಹತ್ತು ನಿಮಿಷಕ್ಕೆ ಸರಿಯಾಗಿ ಎಲ್ಲರ ಕತ್ತಿಗೂ ಕೈ ಹಾಕಿ ನೋಡಿದರು, ನಾನು ಹೇಳದೇ.

ಅದು ರಥಸಪ್ತಮಿಯ ವಾರ. ಅಡುಗೆ ಬಣ್ಣ ಕಲಸಿದ ನೀರನ್ನು ಕೆಚಪ್ ಬಾಟಲಿಯಲ್ಲಿ ತುಂಬಿ ಕೊಟ್ಟೆ. ಅಜ್ಜಿ ಹಿಮದ ಮೇಲೆ ರಥ ಬರೆದರು. ಮೊದಲು ಗಾಲಿ, ಆಮೇಲೆ ಗೋಪುರ, ತುದಿಯಲ್ಲಿ ಬಾವುಟ. ಮಕ್ಕಳು ಅದರ ಸುತ್ತ ಬಣ್ಣ ಸುರಿದರು. ಮೂರು ದಿನ ಮಂಜುಗಟ್ಟಿ ಹಾಗೇ ಇತ್ತು. ಪುಟ್ಟ ದಿನಾ ಬೆಳಿಗ್ಗೆ ಬಂದವನೇ ಕಿಟಕಿಗೆ ಹೋಗಿ "ತೇರು" ಅನ್ನುತ್ತಿದ್ದ. ಹೊರಗೆ ಹೋಗಲು ಅವನಾಗಿಯೇ ಬೂಟ್ಸ್ ತಂದ ಮೊದಲ ದಿನ ಅದೇ ವಾರದಲ್ಲಿ ಬಂತು.

ಫೆಬ್ರವರಿ ಕೊನೆಗೆ ಐವರನ್ನು ಹೊರಡಿಸಲು 13 ನಿಮಿಷ ಸಾಕಾಗುತ್ತಿತ್ತು. ಮಧ್ಯಾಹ್ನದ ನಿದ್ದೆ ಮೊದಲಿನ ಹಾಗಾಯಿತು. ಯಾರ ಬೆರಳೂ ಮತ್ತೆ ಬಿಳುಚಿಕೊಳ್ಳಲಿಲ್ಲ.

ಎಲ್ಲವೂ ಸರಿಹೋಯಿತು ಅಂತ ಬರೆಯಲಾರೆ. ಪೂರ್ತಿ ಎರಡು ಗಂಟೆ ಸಿಕ್ಕಿದ್ದು ಕೆಲವೇ ದಿನ. ಹೆಚ್ಚಿನ ದಿನ ಒಂದೂಕಾಲು ಗಂಟೆ. ಚಳಿಗಿಂತ ಕಷ್ಟ ಕೊಟ್ಟದ್ದು ಮಳೆ ಬಿದ್ದು ಗಾಜಿನ ಹಾಗೆ ಗಡ್ಡೆ ಕಟ್ಟಿದ ದಿನಗಳು. ಕೂಸು ಎತ್ತಿಕೊಂಡು ಅದರ ಮೇಲೆ ನಡೆಯುವ ಧೈರ್ಯ ನನಗಿಲ್ಲ. ಅಂಥ ದಿನ ಗ್ಯಾರೇಜಿನ ಬಾಗಿಲು ತೆರೆದು, ಒಳಗೆ ಟಬ್ಬಿನಲ್ಲಿ ಹಿಮ ತುಂಬಿ ಆಡಿಸಿದೆ. ಅದನ್ನು ಹೊರಗಿನ ಆಟ ಅಂತ ದಿನಚರಿಯಲ್ಲಿ ಬರೆಯಲಿಲ್ಲ. ದೊಡ್ಡ ತೊಡಕಂತೂ ಹಾಗೇ ಇದೆ. ಒಂದು ಮಗುವಿಗೆ ನಿಜವಾಗಿ ಹುಷಾರಿಲ್ಲದೆ ಒಳಗಿರಬೇಕಾದರೆ ಇವತ್ತಿಗೂ ಐವರೂ ಒಳಗೇ. ಪಕ್ಕದ ಮನೆಯ ನಿವೃತ್ತ ನರ್ಸ್ ಒಬ್ಬರು ಸಹಾಯಕ್ಕೆ ಬರಲು ಒಪ್ಪಿದ್ದಾರೆ. ಅವರ ಪೊಲೀಸ್ ತಪಾಸಣೆಯ ಕಾಗದಕ್ಕೆ ಅರ್ಜಿ ಹಾಕಿದ್ದೇವೆ. ಬಂದರೆ ಈ ನವೆಂಬರ್‌ನಿಂದ ವಾರಕ್ಕೆ ಎರಡು ದಿನ ಸಿಗುತ್ತಾರೆ.

ಅಜ್ಜಿ ಮಾರ್ಚ್‌ನಲ್ಲಿ ಊರಿಗೆ ಹೋದರು. ಹೋಗುವ ಹಿಂದಿನ ದಿನ ಉಣ್ಣೆಯಲ್ಲಿ ಹೆಣೆದ ಐದು ಕುಲಾವಿ ತಂದುಕೊಟ್ಟರು, ಕಿವಿ ಮುಚ್ಚುವಂಥವು, ಗದ್ದದ ಕೆಳಗೆ ದಾರದ ಬದಲು ಗುಂಡಿ. "ಇದೂ ಕೊನೆಗೆ ಹಾಕಮ್ಮ, ಬಾಗಿಲ ಹತ್ರ" ಅಂದರು.